ಕಾರಣವನ್ನು ಬಲ್ಲ ಕೈ: ಕಲ್ಯಾಣದ ನೆಲದಲ್ಲಿ ಕೃಷಿಯಂತ್ರ ಶಿಕ್ಷಣ



ಧರ್ಮ, ಸಾಹಿತ್ಯ, ಇತಿಹಾಸಗಳನ್ನು ಕುರಿತು ವಿದ್ವಾಂಸರು ವ್ಯಾಖ್ಯಾನಿಸುವ ಇಂತಹ ವೇದಿಕೆಯ ಮೇಲೆ ನಿಂತು ಡೀಸೆಲ್ ಇಂಜಿನ್ನನ್ನೂ ಟ್ರ್ಯಾಕ್ಟರನ್ನೂ ರಾಶಿ ಯಂತ್ರವನ್ನೂ, ಅವುಗಳನ್ನು ದುರಸ್ತಿ ಮಾಡುವ ಹುಡುಗ ಹುಡುಗಿಯರ ಶಿಕ್ಷಣವನ್ನೂ ಕುರಿತು ಮಾತನಾಡುವಂತೆ ನನಗೆ ಅಪ್ಪಣೆಯಾದಾಗ, ಒಕ್ಕಲು ಮನೆಯಲ್ಲಿ ಹುಟ್ಟಿ, ಆಯುಷ್ಯದ ಬಹುಭಾಗವನ್ನು ತರಬೇತಿ ಶಾಲೆಯ ಕಾರ್ಯಾಗಾರದಲ್ಲಿ ಕಳೆದ ನನಗೆ ಉಂಟಾದ ಸಂತೋಷವು ಅಲ್ಪವಾದುದಲ್ಲ. ಈ ವಿಷಯವು ಈ ಊರಿಗೆ ಹೊರಗಿನದೆಂದು ನಾನು ಭಾವಿಸಿಲ್ಲ. ಕೈಯ ಕೆಲಸವೂ ಬಾಯಿಯ ಮಾತೂ ಒಂದಾಗಿ ಬಾಳಿದ ಸ್ಥಳಗಳು ಲೋಕದಲ್ಲಿ ವಿರಳ. ಅಂತಹ ಸ್ಥಳಗಳಲ್ಲಿ ಒಂದಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ನಾವು ಕುಳಿತಿದ್ದೇವೆಂಬುದೇ ನನ್ನ ಈ ಉಪನ್ಯಾಸಕ್ಕೆ ಆಧಾರ.

ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ತನ್ನ ರಾಜಧಾನಿಯನ್ನು ಇಲ್ಲಿಗೆ ತಂದನು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ಆ ದೊರೆಯ ಮಗ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ಬರೆದನು. ಅರಮನೆಯ ಈ ವೈಭವವೆಲ್ಲ ಇತಿಹಾಸದ ಪುಟಗಳನ್ನು ಸೇರಿದ ಮೇಲೂ ಕಲ್ಯಾಣದ ಹೆಸರು ಕನ್ನಡಿಗರ ನಾಲಗೆಯ ಮೇಲೆ ಹಸಿಯಾಗಿ ಉಳಿದಿರುವುದು ಹನ್ನೆರಡನೆಯ ಶತಮಾನದ ಶರಣರಿಂದ. ಅವರ ಹೆಸರುಗಳನ್ನೇ ಒಮ್ಮೆ ಗಮನಿಸಿರಿ: ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ, ಬಾಚಿಕಾಯಕದ ಬಸವಣ್ಣ. ದೋಣಿ, ಬಿದಿರು, ಹಗ್ಗ, ಹೊಲ, ಬಾಚಿ — ಇವು ಅವರ ಹೆಸರಿನ ಭಾಗವೇ ಆದುವು. ಅವರು ಕೆಲಸ ಮಾಡಿದರು. ಮಾಡಿದ ಕೆಲಸವನ್ನು ಕುರಿತು ತಮ್ಮದೇ ನುಡಿಯಲ್ಲಿ ಮಾತನಾಡಿದರು. ತಮ್ಮ ಕಾಯಕದ ಮಾತನ್ನೇ ಹಿಡಿದು ಆತ್ಮದ ವಿಚಾರವನ್ನೂ ಚರ್ಚಿಸಿದರು. ದುಡಿಯುವವನು ತನ್ನ ದುಡಿಮೆಯ ಅರ್ಥವನ್ನು ತಾನೇ ಹೇಳಬಲ್ಲನೆಂಬುದು ಕಲ್ಯಾಣವು ಕನ್ನಡಕ್ಕೆ ಕೊಟ್ಟ ದೊಡ್ಡ ಪಾಠ. ಈ ಪಾಠವನ್ನು ನಮ್ಮ ತಾಂತ್ರಿಕ ಶಿಕ್ಷಣವು ಮರೆತಿದೆ, ಅದನ್ನು ಮತ್ತೆ ನೆನಪಿಗೆ ತಂದುಕೊಳ್ಳದೆ ಉತ್ತಮ ಕೃಷಿಯಂತ್ರ ತಂತ್ರಜ್ಞರನ್ನು ನಾವು ತಯಾರಿಸಲಾರೆವು ಎಂಬ ಒಂದೇ ಮಾತನ್ನು ನಿಮ್ಮ ಮುಂದೆ ನಿವೇದಿಸಲು ನಾನು ಬಂದಿದ್ದೇನೆ.

ನನ್ನ ಬಾಲ್ಯದ ಒಂದು ಪ್ರಸಂಗವನ್ನು ಹೇಳಲು ಅನುಮತಿ ಬೇಡುತ್ತೇನೆ. ನಮ್ಮ ಚಿಕ್ಕಪ್ಪನವರು ಹುಮನಾಬಾದ್ ಸೀಮೆಯಲ್ಲಿ ಹಳೆಯದೊಂದು ಟ್ರ್ಯಾಕ್ಟರನ್ನು ಇಟ್ಟುಕೊಂಡಿದ್ದರು. ಒಂದು ವರ್ಷ ಮಿರಗದ ಮಳೆ ಹದವಾಗಿ ಬಿದ್ದು, ಎರೆ ಹೊಲ ಕಾಲಿಗೆ ಅಂಟದಷ್ಟು ಆರಿ, ಬಿತ್ತನೆಗೆ ಹೇಳಿ ಮಾಡಿಸಿದಂತಿದ್ದ ದಿನ ಬೆಳಿಗ್ಗೆ, ಆ ಟ್ರ್ಯಾಕ್ಟರು ಎರಡು ಸಾಲು ಹೋಗಿ ನಿಂತಿತು. ತುಸು ಹೊತ್ತು ಬಿಟ್ಟು ಹೊಡೆದರೆ ಮತ್ತೆ ಎರಡು ಸಾಲು, ಮತ್ತೆ ನಿಲುಗಡೆ. ಪಟ್ಟಣದ ಒಂದು ಅಂಗಡಿಯಿಂದ ಬಂದ ಮಿಸ್ತ್ರಿಯು ಒಂದು ಮಾತನ್ನೂ ಆಡದೆ ಇಂಧನದ ಪಂಪನ್ನು ಬಿಚ್ಚಿಕೊಂಡು ಹೋದನು. ಆರು ದಿನ ಪಂಪು ಮರಳಲಿಲ್ಲ. ಆರು ದಿನಗಳಲ್ಲಿ ನೆಲದ ಹಸಿ ಹಾರಿತು. ಅಕ್ಕಪಕ್ಕದ ಹೊಲಗಳಲ್ಲಿ ಎತ್ತಿನ ಕೂರಿಗೆಯಿಂದ ಬಿತ್ತಿದವರ ಹೆಸರು ಉದ್ದು ಮೊಳಕೆಯೊಡೆದು ಸಾಲು ಕಾಣತೊಡಗಿದುವು. ಪಂಪು ಬಂದು ಕೂಡಿಸಿದ ದಿನವೇ ಟ್ರ್ಯಾಕ್ಟರು ಮೊದಲಿನಂತೆಯೇ ಮತ್ತೆ ನಿಂತಿತು.

ಕೊನೆಗೆ ಹೆದ್ದಾರಿಯ ಬದಿಯಲ್ಲಿ ಲಾರಿಗಳ ಕೆಲಸ ಮಾಡುತ್ತಿದ್ದ ಒಬ್ಬ ವೃದ್ಧ ಉಸ್ತಾದರನ್ನು ಚಿಕ್ಕಪ್ಪನವರು ಕರೆತಂದರು. ಅವರು ಯಂತ್ರವನ್ನು ಬಿಚ್ಚಲಿಲ್ಲ. ಟಾಕಿಯಿಂದ ಪಂಪಿನವರೆಗೆ ಹೋಗುವ ನಳಿಕೆಯನ್ನು ಬೆರಳಿನಿಂದ ಸವರುತ್ತ ಹೋಗಿ, ಒಂದು ಸಂದಿಯ ಬಳಿ ಬೆರಳನ್ನು ನಿಲ್ಲಿಸಿ, ಪಾನಾ ಹಚ್ಚಿ ಅಲ್ಲಿಯ ತಾಮ್ರದ ವಾಶರನ್ನು ತೆಗೆದು ಬಿಸುಟು ಬೇರೊಂದನ್ನು ಕೂಡಿಸಿದರು. ‘ಹವಾ’ ಎಂಬುದೊಂದೇ ಮಾತನ್ನು ಆಡಿ, ಕೊಟ್ಟ ಹಣವನ್ನು ಎಣಿಸದೆ ಜೇಬಿಗಿಟ್ಟುಕೊಂಡು ಹೊರಟುಹೋದರು. ಟ್ರ್ಯಾಕ್ಟರು ಸಂಜೆಯವರೆಗೂ ನಿಲ್ಲಲಿಲ್ಲ. ಆದರೆ ಬಿತ್ತುವ ಕಾಲ ಆಗಲೇ ಮೀರಿತ್ತು.

ಆ ‘ಹವಾ’ ಎಂಬ ಒಂದು ಶಬ್ದದ ಅರ್ಥವು ನನಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ, ತರಗತಿಯ ಕಪ್ಪು ಹಲಗೆಯ ಮುಂದೆ. ಟಾಕಿಯಿಂದ ಡೀಸೆಲನ್ನು ಪಂಪು ಎಳೆದುಕೊಳ್ಳುವ ಭಾಗದಲ್ಲಿ ನಳಿಕೆಯೊಳಗಿನ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಕಡಿಮೆಯಾಗಿರುತ್ತದೆ; ಆದುದರಿಂದ ಅಲ್ಲಿ ಸಣ್ಣದೊಂದು ಸೀಳು ಬಿದ್ದರೆ ಎಣ್ಣೆ ಹೊರಗೆ ತೊಟ್ಟಿಕ್ಕದೆಯೂ ಇರಬಹುದು, ಗಾಳಿಯು ಮಾತ್ರ ಒಳಕ್ಕೆ ನುಗ್ಗುತ್ತದೆ. ದ್ರವವನ್ನು ಅದುಮಲು ಬಾರದು, ಗಾಳಿಯನ್ನು ಅದುಮಬಹುದು. ಪಂಪು ಎಷ್ಟು ಒತ್ತಿದರೂ ಆ ಗಾಳಿಯ ಗುಳ್ಳೆಯು ಕುಗ್ಗಿ ಹಿಗ್ಗುವುದರಲ್ಲಿಯೇ ಒತ್ತಡವೆಲ್ಲ ವ್ಯಯವಾಗಿ, ನೋಝಲಿನ ಬಾಯಿ ತೆರೆಯುವುದೇ ಇಲ್ಲ. ಸೀಳಿದ್ದುದು ನಾಲ್ಕು ಕಾಸಿನ ವಾಶರು. ಬಿಚ್ಚಿ ಒಯ್ದುದು ಪಂಪನ್ನು. ಮೊದಲಿನ ಮಿಸ್ತ್ರಿಗೆ ಕಾರಣವು ತಿಳಿದಿರಲಿಲ್ಲ. ಉಸ್ತಾದರ ಬೆರಳಿಗೆ ಕಾರಣವು ತಿಳಿದಿತ್ತು; ಆದರೆ ಆ ತಿಳಿವನ್ನು ಬೇರೊಬ್ಬರಿಗೆ ದಾಟಿಸುವ ಮಾತು ಅವರಿಗೆ ಒದಗಿರಲಿಲ್ಲ. ಒಬ್ಬನ ಅಜ್ಞಾನದಿಂದ ನಮ್ಮ ಆ ವರ್ಷದ ಬೆಳೆ ಹೋಯಿತು. ಇನ್ನೊಬ್ಬರ ಮೌನದಿಂದ ಅವರ ವಿದ್ಯೆಯು ಅವರ ಸಂಗಡವೇ ಹೋಯಿತು. ಎರಡನೆಯ ನಷ್ಟವು ಮೊದಲನೆಯದಕ್ಕಿಂತ ದೊಡ್ಡದೆಂದು ನಾನು ಇಂದಿಗೂ ನಂಬಿದ್ದೇನೆ.

ಡೀಸೆಲ್ ಇಂಜಿನ್ನಿನ ಜನ್ಮವೃತ್ತಾಂತವೂ ಈ ‘ಏಕೆ’ ಎಂಬ ಪ್ರಶ್ನೆಯಿಂದಲೇ ಪ್ರಾರಂಭವಾಗುತ್ತದೆ. 1858ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ರುಡಾಲ್ಫ್ ಡೀಸೆಲ್ ಎಂಬಾತನು ಮ್ಯೂನಿಕ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಉಗಿಯಂತ್ರವು ತನಗೆ ಉಣಿಸಿದ ಇಂಧನದ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನೂ ಸರಿಯಾಗಿ ಕೆಲಸಕ್ಕೆ ತಿರುಗಿಸಲಾರದೆಂದು ತನ್ನ ಗುರು ಕಾರ್ಲ್ ಫಾನ್ ಲಿಂಡೆ ಅವರ ಪಾಠದಲ್ಲಿ ಕೇಳಿದನು. ಉಳಿದ ಒಂಬತ್ತು ಪಾಲು ಏಕೆ ವ್ಯರ್ಥವಾಗಬೇಕೆಂಬ ಚಿಂತೆಯು ಅಂದಿನಿಂದ ಅವನನ್ನು ಬಿಡಲಿಲ್ಲ. 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಪರೀಕ್ಷೆಗೊಳಗಾದ ಅವನ ಇಂಜಿನ್ನು ಶಾಖದ ಕಾಲು ಭಾಗಕ್ಕೂ ಮಿಕ್ಕಿ ಕೆಲಸವನ್ನಾಗಿ ಪರಿವರ್ತಿಸಿ ತೋರಿಸಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಬಗೆಯ ಇಂಜಿನ್ನೊಂದು ಶೇಂಗಾ ಎಣ್ಣೆಯಿಂದ ಓಡಿತೆಂಬುದನ್ನು ಶೇಂಗಾ ಬೆಳೆಯುವ ನಮ್ಮ ರೈತರು ಕೌತುಕದಿಂದ ಕೇಳಿಯಾರು. ಕಿಡಿಯ ಹಂಗಿಲ್ಲದೆ, ಒಳಗೆಳೆದುಕೊಂಡ ಗಾಳಿಯನ್ನೇ ಹದಿನಾರರಿಂದ ಇಪ್ಪತ್ತು ಪಾಲು ಕುಗ್ಗಿಸಿ, 500 ಡಿಗ್ರಿಗೂ ಮೀರಿ ಕಾಯಿಸಿ, ಆ ಬೆಂಕಿಯಂತಹ ಗಾಳಿಯೊಳಕ್ಕೆ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿ ಉರಿಸುವ ಈ ಯಂತ್ರವು, ಒಬ್ಬ ವಿದ್ಯಾರ್ಥಿಯು ಗುರುವಿನ ಒಂದು ಮಾತನ್ನು ಮನಸ್ಸಿಟ್ಟು ಕೇಳಿದುದರ ಫಲ.

ನಮ್ಮ ನೆಲದಲ್ಲಿಯೂ ಇಂತಹ ಮಹನೀಯರು ಇದ್ದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ಶಾಲೆಯಲ್ಲಿ ಯಂತ್ರಗಳ ನಕಾಶೆ ಬರೆಯುವುದನ್ನು ಕಲಿಸುವ ಅಧ್ಯಾಪಕರಾಗಿದ್ದರು. ಆ ಕೆಲಸವನ್ನು ಬಿಟ್ಟು ಬೆಳಗಾವಿಗೆ ಬಂದು, ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದರು. ಕಬ್ಬಿಣವು ನೆಲಕ್ಕೆ ವಿಷವೆಂದು ಹೆದರಿದ ರೈತರು ಆ ನೇಗಿಲನ್ನು ಮುಟ್ಟಲು ಹಿಂಜರಿದರು. ಯಂತ್ರವನ್ನು ತಯಾರಿಸಿದರಷ್ಟೇ ಸಾಲದು, ಅದನ್ನು ಹಿಡಿಯುವವನ ಮನಸ್ಸಿಗೆ ಅದರ ಗುಣವನ್ನು ಒಪ್ಪಿಸಲೂ ಬೇಕು ಎಂಬುದನ್ನು ಈ ಅಧ್ಯಾಪಕರ ಜೀವನವು ನಮಗೆ ತೋರಿಸಿಕೊಡುತ್ತದೆ.

ಭಾರತದಲ್ಲಿ ಟ್ರ್ಯಾಕ್ಟರುಗಳ ತಯಾರಿಕೆ 1959ರಲ್ಲಿ ಪ್ರಾರಂಭವಾಯಿತು. ನಮ್ಮ ಬೀದರ್ ಸೀಮೆಯು ಆಗ ನಿಜಾಮರ ಆಳಿಕೆಯಿಂದ ಬಿಡುಗಡೆ ಹೊಂದಿ ಹನ್ನೊಂದು ವರ್ಷಗಳಾಗಿದ್ದುವು, ಕನ್ನಡ ನಾಡಿನೊಡನೆ ಕೂಡಿ ಮೂರು ವರ್ಷಗಳಾಗಿದ್ದುವು. ಹೊಲದಲ್ಲಿ ದೇವಣಿ ಎತ್ತು, ಬಾವಿಯ ಮೇಲೆ ಮೋಟ, ಕಣದಲ್ಲಿ ಹಂತಿ, ಊರ ಅಂಚಿನಲ್ಲಿ ಕಂಬಾರನ ಕುಲುಮೆ — ಇದೇ ಅಂದಿನ ಯಂತ್ರಶಾಸ್ತ್ರ. ಕುಂಟೆಯ ಕುಡ ಸವೆದರೆ ಕಂಬಾರನು ತಟ್ಟಿಕೊಡುವನು, ಕೂರಿಗೆಯ ತಾಳು ಮುರಿದರೆ ಬಡಿಗನು ಕೆತ್ತಿಕೊಡುವನು, ಸುಗ್ಗಿಯಲ್ಲಿ ಇಬ್ಬರಿಗೂ ಆಯ ಸಲ್ಲುವುದು. ಯಂತ್ರವೂ ಅದನ್ನು ಸರಿಪಡಿಸುವ ಕೈಯೂ ಒಂದೇ ಊರಿನಲ್ಲಿ ವಾಸಿಸುತ್ತಿದ್ದುವು. ಇಂದು ಯಂತ್ರವು ಊರಿಗೆ ಬಂದಿದೆ, ಕೈ ಮಾತ್ರ ಪಟ್ಟಣದಲ್ಲಿ ಉಳಿದಿದೆ. ಕಲ್ಟಿವೇಟರು, ರೋಟವೇಟರು, ಬಿತ್ತುವ ಯಂತ್ರ, ಔಷಧ ಸಿಂಪಡಿಸುವ ಯಂತ್ರ, ಕಬ್ಬಿನ ಟ್ರಾಲಿ, ರಾಶಿ ಯಂತ್ರ — ಇವಿಲ್ಲದೆ ಬಸವಕಲ್ಯಾಣ ಹುಮನಾಬಾದುಗಳ ಒಕ್ಕಲುತನವು ಇನ್ನು ಒಂದು ದಿನವೂ ಸಾಗದು. 2014-15ರಿಂದ ಹೋಬಳಿಗಳಲ್ಲಿ ತೆರೆದ ಕೃಷಿ ಯಂತ್ರಧಾರೆ ಕೇಂದ್ರಗಳಿಂದಾಗಿ ಸ್ವಂತ ಯಂತ್ರವಿಲ್ಲದ ಸಣ್ಣ ಹಿಡುವಳಿದಾರನೂ ಬಾಡಿಗೆಯ ಯಂತ್ರವನ್ನು ಕಾಯುತ್ತ ಕುಳಿತುಕೊಳ್ಳುವಂತಾಗಿದೆ. ಹಾಗೆ ಕಾಯುವವನ ಪಾಲಿನ ಯಂತ್ರವು ಕೆಟ್ಟು ನಿಂತರೆ, ಕೆಡುವುದು ಯಂತ್ರವೊಂದೇ ಅಲ್ಲ. ಸರದಿಯಲ್ಲಿರುವ ಹತ್ತು ಮನೆಗಳ ಹದವೂ ಕೆಡುತ್ತದೆ.

ಯಂತ್ರವನ್ನು ಸರಿಪಡಿಸುವ ಕೈಗಳನ್ನು ತಯಾರಿಸುವ ಪಾಠಶಾಲೆಗಳು ನಮ್ಮಲ್ಲಿ ಮೂರು ಬಗೆಯವು. ಮೊದಲನೆಯದು ಸರ್ಕಾರದ ವ್ಯವಸ್ಥೆ. 1950ರಲ್ಲಿ ಕೇಂದ್ರ ಸರ್ಕಾರವು ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು; ಅದರಿಂದ ನಮ್ಮ ಐ.ಟಿ.ಐ.ಗಳು ಬೆಳೆದುವು, 1961ರ ಶಿಶಿಕ್ಷು ಕಾಯಿದೆಯು ಕಾರ್ಖಾನೆಗಳ ಬಾಗಿಲನ್ನು ಕಲಿಯುವವರಿಗೆ ತೆರೆಯಿತು. ಹತ್ತನೆಯ ತರಗತಿ ಮುಗಿಸಿದವರಿಗೆ ಡೀಸೆಲ್ ಮೆಕ್ಯಾನಿಕ್ ವಿದ್ಯೆಗೆ ಒಂದು ವರ್ಷ, ಕೃಷಿಯಂತ್ರಗಳ ಮೆಕ್ಯಾನಿಕ್ ವಿದ್ಯೆಗೆ ಎರಡು ವರ್ಷಗಳ ಶಿಕ್ಷಣವಿದೆ. ಕೃಷಿಯಂತ್ರಗಳಿಗೆಂದೇ ಮೀಸಲಾದ ಕೇಂದ್ರ ಸಂಸ್ಥೆಗಳೂ ಇವೆ: ಮಧ್ಯಪ್ರದೇಶದ ಬುದನಿಯಲ್ಲಿ 1955ರಿಂದ ಒಂದು, ದಕ್ಷಿಣದವರಿಗಾಗಿ ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ 1983ರಿಂದ ಮತ್ತೊಂದು. ಎರಡನೆಯ ಪಾಠಶಾಲೆಯೆಂದರೆ ಪುಣೆ ಹೈದರಾಬಾದುಗಳ ನಡುವಿನ ನಮ್ಮ ಹೆದ್ದಾರಿ. ಹುಮನಾಬಾದಿನಿಂದ ಸಸ್ತಾಪುರ ಬಂಗ್ಲಾದ ಕಡೆಗೆ ಹೋಗುವಾಗ ರಸ್ತೆಯ ಎರಡೂ ಬದಿಗೆ ಇಂಜಿನ್ ಬಿಚ್ಚುವವರು, ಬೆಸುಗೆ ಹಾಕುವವರು, ಪಾಟಾ ಕಟ್ಟುವವರು, ನೋಝಲ್ ಪರೀಕ್ಷಿಸುವವರು ಸಾಲಾಗಿ ಕುಳಿತಿರುವುದನ್ನು ನೀವೆಲ್ಲ ನೋಡಿದ್ದೀರಿ. ದಖನಿ, ಕನ್ನಡ, ಮರಾಠಿ, ತೆಲುಗು ನಾಲ್ಕೂ ಕಲೆತ ಮಾತಿನಲ್ಲಿ, ಉಸ್ತಾದ ಶಾಗಿರ್ದರ ಶಿಸ್ತಿನಲ್ಲಿ ಅಲ್ಲಿ ವಿದ್ಯಾದಾನವು ನಡೆಯುತ್ತ ಬಂದಿದೆ. ಮೂರನೆಯದು, ಅಳಿದುಳಿದ ಕುಲುಮೆಗಳಲ್ಲಿ ಕಬ್ಬಿಣದ ಹದವನ್ನು ಬಣ್ಣದಿಂದಲೇ ಗುರುತಿಸುವ ಕಂಬಾರನದು.

ಈ ಮೂರರಲ್ಲಿಯೂ ಒಂದೊಂದು ಸಿರಿಯಿದೆ, ಒಂದೊಂದು ಕೊರತೆಯಿದೆ. ಶಾಲೆಯಲ್ಲಿ ಕಾರಣದ ಪಾಠವಿದೆ. ಆದರೆ ಅಲ್ಲಿಯ ಇಂಜಿನ್ನು ಪೀಠದ ಮೇಲೆ ಶುಭ್ರವಾಗಿ ಕುಳಿತಿರುತ್ತದೆ, ಹೊಲದ ಕೆಸರನ್ನು ಕಾಣದು. ಹೆದ್ದಾರಿಯಲ್ಲಿ ದಿನಕ್ಕೊಂದು ಹೊಸ ದೋಷ ಎದುರಾಗುತ್ತದೆ. ಆದರೆ ಅದು ಬರಹಕ್ಕೆ ಇಳಿಯದು. ಕುಲುಮೆಯಲ್ಲಿ ಲೋಹದ ಆಳವಾದ ಪರಿಚಯವಿದೆ. ಹೊಸ ಯಂತ್ರದ ಪರಿಚಯವಿಲ್ಲ. ಈ ಮೂವರೂ ಒಂದೇ ಪಂಕ್ತಿಯಲ್ಲಿ ಕುಳಿತು ತಮ್ಮ ತಮ್ಮ ಅನುಭವವನ್ನು ಹೇಳಿಕೊಳ್ಳುವ ಒಂದು ಸ್ಥಳ ನಮಗೆ ಬೇಕಾಗಿದೆ. ಅಂತಹ ಸ್ಥಳಕ್ಕೆ ಈ ಊರಿನಲ್ಲಿ ಎಂಟು ನೂರು ವರ್ಷಗಳ ಹಿಂದೆಯೇ ಒಂದು ಹೆಸರಿತ್ತು. ಅದನ್ನು ನಾನು ಹೇಳಬೇಕಾಗಿಲ್ಲ.

ಹಾಗಾದರೆ ಕಲಿಸತಕ್ಕದ್ದು ಯಾವುದು? ಮೊದಲು ಕಲಿಸಬೇಕಾದುದು ಬಿಚ್ಚದೆ ಅರಿಯುವ ವಿದ್ಯೆ. ವೈದ್ಯನು ನಾಡಿ ಹಿಡಿಯುವಂತೆ ತಂತ್ರಜ್ಞನು ಹೊಗೆಯನ್ನು ನೋಡಬೇಕು: ಕರಿಯ ಹೊಗೆ ಬಂದರೆ ಗಾಳಿಗೆ ಮೀರಿದ ಎಣ್ಣೆ ಹೋಗುತ್ತಿದೆ ಅಥವಾ ಗಾಳಿಯ ಜರಡಿಯು ಧೂಳು ಕಟ್ಟಿದೆ, ನೀಲಿಯ ಹೊಗೆ ಬಂದರೆ ರಿಂಗುಗಳು ಸವೆದು ಇಂಜಿನ್ ಆಯಿಲ್ಲು ಉರಿಯುತ್ತಿದೆ, ಇಂಜಿನ್ನು ಕಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಡೀಸೆಲು ಉರಿಯದೆಯೇ ಹೊರಬೀಳುತ್ತಿದೆ ಅಥವಾ ಎಲ್ಲಿಯೋ ನೀರು ಹೊಕ್ಕಿದೆ. ನಮ್ಮ ಎರೆಯ ಹೊಲಗಳ ಬೇಸಿಗೆಯ ಧೂಳಿನಲ್ಲಿ ಗಾಳಿಯ ಜರಡಿಯನ್ನು ಶುಚಿಯಾಗಿಡುವ ಒಂದು ಅಭ್ಯಾಸದಿಂದಲೇ ಎಷ್ಟೋ ಇಂಜಿನ್ನುಗಳ ಆಯುಷ್ಯವು ಬೆಳೆಯುತ್ತದೆ. ಇಂಧನದ ಪಂಪಿನೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಎರಡು ಮೂರು ಪಾಲು ಮಾತ್ರ. ತೆರೆದ ಕೊಡದಿಂದ ಡೀಸೆಲ್ ಸುರಿಯುವಾಗ ಬೀಳುವ ಕಣ್ಣಿಗೆ ಕಾಣದ ಮಣ್ಣು ಅಲ್ಲಿ ಬಂಡೆಯಂತೆ ವರ್ತಿಸುತ್ತದೆ ಎಂಬುದನ್ನು ಒಮ್ಮೆ ಮನಗಂಡ ವಿದ್ಯಾರ್ಥಿಯು ಜಾಳಿಗೆಯಿಲ್ಲದೆ ಟಾಕಿ ತುಂಬುವ ಧೈರ್ಯವನ್ನು ಎಂದಿಗೂ ಮಾಡಲಾರನು.

ಎರಡನೆಯದು, ಯಂತ್ರವನ್ನು ಬೆಳೆಯೊಡನೆ ಸೇರಿಸಿ ನೋಡುವ ವಿದ್ಯೆ. ಲಾರಿಯ ಮೆಕ್ಯಾನಿಕನಿಗೂ ಕೃಷಿಯಂತ್ರದ ಮೆಕ್ಯಾನಿಕನಿಗೂ ಇರುವ ಅಂತರವೇ ಇದು. ರಾಜ್ಯದಲ್ಲಿ ಸೋಯಾ ಅವರೆಯನ್ನು ಅತಿ ಹೆಚ್ಚಾಗಿ ಬೆಳೆಯುವ ಜಿಲ್ಲೆ ನಮ್ಮ ಬೀದರ್. ಸೋಯಾ ಕಾಳಿನ ಸಿಪ್ಪೆ ಬಹು ತೆಳುವಾದುದು. ರಾಶಿ ಯಂತ್ರದ ಉರುಳೆಯು ರಭಸದಿಂದ ತಿರುಗಿದರೆ ಹೊರಗೆ ಚೆನ್ನಾಗಿ ಕಾಣುವ ಕಾಳೂ ಒಳಗೆ ಪೆಟ್ಟು ತಿಂದಿರುತ್ತದೆ, ಮುಂದಿನ ಮುಂಗಾರಿನಲ್ಲಿ ಮೊಳೆಯದು. ಬೀಜಕ್ಕೆಂದು ಇಡುವ ಕಾಳನ್ನು ಬಡಿಯುವಾಗ ಉರುಳೆಯು ನಿಮಿಷಕ್ಕೆ 400 ಸುತ್ತನ್ನು ಮೀರಬಾರದು. ಟ್ರ್ಯಾಕ್ಟರಿನ ಹಿಂಬದಿಯ ಪಿ.ಟಿ.ಓ. ದಂಡವು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಆ ದಂಡದೊಡನೆ ತಿರುಗುವ ಗಾಲಿಯ ವ್ಯಾಸವು 20 ಸೆಂಟಿಮೀಟರಿದ್ದರೆ ಉರುಳೆಯ ಗಾಲಿಯು 27 ಸೆಂಟಿಮೀಟರಿರಬೇಕು. ಆಗ 540ನ್ನು 20ರಿಂದ ಗುಣಿಸಿ 27ರಿಂದ ಭಾಗಿಸಿದರೆ ಸರಿಯಾಗಿ 400 ಬರುತ್ತದೆ. ಈ ತ್ರೈರಾಶಿಯ ಲೆಕ್ಕವನ್ನು ಕಣದಲ್ಲಿ ನಿಂತು ಮಾಡಬಲ್ಲ ಹುಡುಗಿಯೊಬ್ಬಳು ಒಂದು ಊರಿನ ಮುಂದಿನ ವರ್ಷದ ಬಿತ್ತನೆಯನ್ನು ಕಾಪಾಡಬಲ್ಲಳು.

ಬಿತ್ತುವ ಯಂತ್ರದ ವಿಷಯವೂ ಹೀಗೆಯೇ. ಎತ್ತಿನ ಕೂರಿಗೆಯ ಕಾಲದಲ್ಲಿ ಅದರ ಹಿಂದೆ ನಡೆಯುತ್ತ ಬಟ್ಟಲಿಗೆ ಕಾಳು ಬಿಡುತ್ತಿದ್ದ ನಮ್ಮ ತಾಯಂದಿರ ಮುಷ್ಟಿಯೇ ಅಳತೆಯಾಗಿತ್ತು. ಬೆರಳುಗಳ ಸಂದಿನಿಂದ ಎಷ್ಟು ಕಾಳು ಜಾರಬೇಕೆಂಬುದು ಅವರ ಕೈಗೆ ಗೊತ್ತಿತ್ತು. ಯಂತ್ರವು ಬಂದ ಮೇಲೆ ಆ ಮುಷ್ಟಿಯ ವಿವೇಕವು ಎಲ್ಲಿಗೆ ಹೋಗಬೇಕು? ತಂತ್ರಜ್ಞನ ಕೈಗೆ ಬರಬೇಕು. ಯಂತ್ರದ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಅದರ ಸುತ್ತಳತೆಯನ್ನು ಅಳೆದು, ಇಷ್ಟು ಸುತ್ತಿಗೆ ಇಷ್ಟು ನೆಲ ಸಾಗುವುದೆಂದು ಲೆಕ್ಕ ಮಾಡಿ, ಅಷ್ಟು ಸುತ್ತುಗಳನ್ನು ಕೈಯಿಂದ ತಿರುವಿ, ಪ್ರತಿಯೊಂದು ಕೊಳವೆಯ ಕೆಳಗೂ ಚೀಲ ಕಟ್ಟಿ, ಬಿದ್ದ ಕಾಳನ್ನು ತೂಗಿ ನೋಡುವ ಕ್ರಮವನ್ನು ನಾನು ನನ್ನ ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದಾಗ, ಹಳ್ಳಿಯ ಹಿರಿಯ ಹೆಣ್ಣುಮಗಳೊಬ್ಬಳು ಬಂದು ಚೀಲದೊಳಕ್ಕೆ ಕೈ ಹಾಕಿ, ಕಾಳನ್ನು ಅಂಗೈಯಲ್ಲಿ ಆಡಿಸಿ, ‘ಇದು ತುಸು ಹೆಚ್ಚಾಯ್ತು’ ಎಂದಳು. ತಕ್ಕಡಿಯೂ ಅದೇ ಮಾತನ್ನು ಹೇಳಿತು. ಆ ದಿನ ನನ್ನ ವಿದ್ಯಾರ್ಥಿಗಳಿಗೆ ಇಬ್ಬರು ಗುರುಗಳು.

ಮೂರನೆಯದು ಪ್ರಾಣರಕ್ಷಣೆಯ ವಿದ್ಯೆ. ನಿಮಿಷಕ್ಕೆ 540 ಸುತ್ತೆಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಧೋತರದ ಚುಂಗೋ ಸೀರೆಯ ಸೆರಗೋ ಆ ದಂಡಕ್ಕೆ ಸಿಕ್ಕಿದರೆ, ಸಿಕ್ಕಿತೆಂದು ಕೂಗುವಷ್ಟು ಅವಕಾಶವೂ ಉಳಿಯದು. ರಾಶಿ ಯಂತ್ರಗಳಿಗೆ ಕೈಗಳನ್ನು ಕಳೆದುಕೊಂಡವರ ಸಂಕಟವನ್ನು ಕಂಡೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯು ರೂಪುಗೊಂಡಿತು. ಕಾಯಿದೆಯು ಕಾಗದದ ಮೇಲಿರುತ್ತದೆ. ದಂಡದ ಮೇಲೆ ಮುಚ್ಚಳವಿರುವಂತೆ ನೋಡಿಕೊಳ್ಳುವವನು ತಂತ್ರಜ್ಞನು. ಬಿಚ್ಚಿದ ಮುಚ್ಚಳವನ್ನು ಮತ್ತೆ ಕೂಡಿಸದೆ ಯಂತ್ರವನ್ನು ಹಿಂದಿರುಗಿಸುವುದಿಲ್ಲವೆಂಬ ವ್ರತವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಕೆಯ ಮೊದಲನೆಯ ದಿನವೇ ಸ್ವೀಕರಿಸತಕ್ಕದ್ದು.

ಇವೆಲ್ಲಕ್ಕೂ ಮೂಲವಾದುದು ನಾಲ್ಕನೆಯದು. ಅದು ಮಾತಿನ ವಿದ್ಯೆ. ನಮ್ಮ ವಿದ್ಯಾರ್ಥಿಯು ಯಂತ್ರದ ಭಾಗಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾನೆ. ಹೆಸರುಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ನೋಝಲು, ಪಿಸ್ಟನ್ನು, ಟ್ಯಾಪೆಟ್ಟು ಎಂಬುವು ಈಗ ನಮ್ಮ ಮನೆಯ ಮಾತುಗಳೇ ಆಗಿವೆ. ನನ್ನ ಚಿಂತೆಯಿರುವುದು ಹೆಸರು ಹೆಸರುಗಳ ನಡುವಣ ‘ಆದುದರಿಂದ’ ಎಂಬ ಶಬ್ದವನ್ನು ಕುರಿತು. ಇದು ಹೀಗಾಯಿತು, ಆದುದರಿಂದ ಅದು ಹಾಗಾಯಿತು ಎಂದು ಸ್ವಂತ ನುಡಿಯಲ್ಲಿ ಜೋಡಿಸಿ ಹೇಳಲಾರದವನಿಗೆ ಕಾರಣವು ನಿಜವಾಗಿ ತಿಳಿದಿದೆಯೆಂದು ನಾನು ಒಪ್ಪಲಾರೆ. ತಿಳಿದದ್ದನ್ನು ಹೇಳಬಲ್ಲ ತಂತ್ರಜ್ಞನು ರೈತನ ಮನೆಯಲ್ಲಿ ಗುರುವಾಗುತ್ತಾನೆ. ಹೇಳದವನು ಬಿಲ್ಲನ್ನು ಮಾತ್ರ ಬಿಟ್ಟುಹೋಗುತ್ತಾನೆ.

ಆದುದರಿಂದ ಬಸವಕಲ್ಯಾಣ ಹುಮನಾಬಾದ್ ತಾಲ್ಲೂಕುಗಳ ಹಿರಿಯರ ಮುಂದೆ ಕೆಲವು ಸೂಚನೆಗಳನ್ನು ವಿನಯದಿಂದ ಇಡುತ್ತೇನೆ. ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿ ಒಂದು ಕನ್ನಡದ ದುರಸ್ತಿ ದಿನಚರಿಯಿರಲಿ. ಪ್ರತಿಯೊಂದು ಕೆಲಸವಾದ ಮೇಲೂ ಕಂಡ ಲಕ್ಷಣವೇನು, ಅದರ ಕಾರಣವೇನು, ಮಾಡಿದ ಪರಿಹಾರವೇನು, ಮತ್ತೆ ಹೀಗಾಗದಂತೆ ರೈತನಿಗೆ ಹೇಳಿದುದೇನು ಎಂಬ ನಾಲ್ಕು ಸಾಲುಗಳನ್ನು ಅದರಲ್ಲಿ ಬರೆಯಲಿ. ಹೆದ್ದಾರಿಯ ಉಸ್ತಾದರನ್ನು ತಿಂಗಳಿಗೊಂದು ದಿನ ಶಾಲೆಗೆ ಗೌರವಪೂರ್ವಕವಾಗಿ ಕರೆತಂದು, ಅವರು ಕೆಲಸ ಮಾಡುತ್ತಿರುವಾಗ ವಿದ್ಯಾರ್ಥಿಗಳು ಪ್ರಶ್ನೆ ಕೇಳಿ ಅವರ ಉತ್ತರಗಳನ್ನು ಬರೆದುಕೊಳ್ಳಲಿ. ನಮ್ಮ ಚಿಕ್ಕಪ್ಪನ ಹೊಲದಲ್ಲಿ ಒಂದೇ ಶಬ್ದದಲ್ಲಿ ಮುಗಿದುಹೋದ ಪಾಠವು ಹೀಗಾದರೂ ಪೂರ್ಣವಾಗಲಿ. ಶಾಲೆಯ ವರ್ಷವು ಮಳೆಯ ನಕ್ಷತ್ರಗಳನ್ನು ಅನುಸರಿಸಲಿ: ರೋಹಿಣಿಗೆ ಮೊದಲು ಊರೂರಿನಲ್ಲಿ ಬಿತ್ತುವ ಯಂತ್ರಗಳ ತಪಾಸಣೆ, ಸುಗ್ಗಿಗೆ ಮೊದಲು ರಾಶಿ ಯಂತ್ರಗಳ ತಪಾಸಣೆ, ಕಬ್ಬಿನ ಕಾಲಕ್ಕೆ ಮೊದಲು ಟ್ರಾಲಿಗಳ ಬ್ರೇಕು ದೀಪಗಳ ತಪಾಸಣೆ. ಹೆಣ್ಣುಮಕ್ಕಳಿಗೆ ಈ ವಿದ್ಯೆಯು ಸಲ್ಲದೆಂಬ ಸಂಕೋಚವು ತೊಲಗಲಿ. ಬೀಜದ ಅಳತೆಯನ್ನು ನೂರಾರು ವರ್ಷ ಮುಷ್ಟಿಯಲ್ಲಿ ಹಿಡಿದವರ ಮೊಮ್ಮಕ್ಕಳು ಅವರು.

ಮುಗಿಸುವ ಮೊದಲು ಇನ್ನೊಂದು ಹೊಲದ ನೋಟವನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ನಾನು ನಿವೃತ್ತನಾಗುವ ಮುನ್ನಿನ ಮುಂಗಾರಿನಲ್ಲಿ, ಬಸವಕಲ್ಯಾಣದ ಸೀಮೆಯ ಒಂದು ಹಳ್ಳಿಯಲ್ಲಿ, ಬಿತ್ತುತ್ತಿದ್ದ ಟ್ರ್ಯಾಕ್ಟರೊಂದು ಹೊಲದ ನಡುವೆ ನಿಂತಿತ್ತು. ನನ್ನ ಸಂಗಡವಿದ್ದ ವಿದ್ಯಾರ್ಥಿಯು ಯಂತ್ರದ ಬಳಿ ಕುಳಿತು ನಳಿಕೆಯನ್ನು ಸವರುತ್ತ ಹೋದನು. ಹೊಲದ ಯಜಮಾನನು ಗಾಬರಿಯಿಂದ, ‘ಪಂಪ್ ಹೋಗ್ಯಾದೇನೋ ತಮ್ಮಾ?’ ಎಂದನು.

‘ಪಂಪ್ ಚೊಲೊ ಅದಾ ಕಾಕಾ. ಒಳಗ ಹವಾ ಹೊಕ್ಕದ. ಈ ವಾಶರ್ ನೋಡ್ರಿ, ಸೀಳ್ಯಾದ.’

‘ಎಣ್ಣಿ ಸೋರಂಗಿಲ್ಲಲ್ಲಾ?’

‘ಇಲ್ಲಿ ಪಂಪ್ ಎಣ್ಣಿ ಜಗ್ಗತದ್ರಿ ಕಾಕಾ. ಅದಕ್ಕ ಎಣ್ಣಿ ಹೊರಗ ಬರೂದಿಲ್ಲ, ಹೊರಗಿನ ಗಾಳಿನೇ ಒಳಗ ಹೋಗತದ.’

ಅವನು ಹೊಸ ವಾಶರನ್ನು ಕೂಡಿಸಿ, ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಕೈಪಂಪಿನ ಗುಂಡಿಯನ್ನು ಒತ್ತಲು ಯಜಮಾನನಿಗೇ ಹೇಳಿದನು. ಮೊದಲು ನೊರೆ ಬಂದಿತು. ಗುಳ್ಳೆಗಳು ಒಡೆಯುತ್ತ ಒಡೆಯುತ್ತ ಕಡಿಮೆಯಾದುವು. ಕೊನೆಗೆ ಗುಳ್ಳೆಯಿಲ್ಲದ ಡೀಸೆಲು ಒಂದೇ ಧಾರೆಯಾಗಿ ಇಳಿಯಿತು. ‘ಈಗ ಬಿಗಿ ಮಾಡ್ರಿ’ ಎಂದು ಹುಡುಗನು ಪಾನಾವನ್ನು ಆತನ ಕೈಗೆ ಕೊಟ್ಟನು. ಟ್ರ್ಯಾಕ್ಟರು ಹೊರಟಿತು. ಬದುವಿನ ಮೇಲೆ ನಿಂತಿದ್ದ ನೆರೆಹೊಲದವನು ಏನಾಗಿತ್ತೆಂದು ಕೇಳಿದಾಗ, ಉತ್ತರ ಕೊಟ್ಟವನು ನನ್ನ ವಿದ್ಯಾರ್ಥಿಯಲ್ಲ, ಆ ಯಜಮಾನನು. ಸೀಳಿದ ವಾಶರನ್ನು ಅಂಗೈಯಲ್ಲಿ ಹಿಡಿದು ತೋರಿಸುತ್ತ, ಗಾಳಿಯು ಒಳಕ್ಕೆ ಹೋಗುವ ಕಾರಣವನ್ನು ಅವನೇ ವಿವರಿಸುತ್ತಿದ್ದನು.

ಅಷ್ಟು ಹೊತ್ತಿಗೆ ವಿದ್ಯಾರ್ಥಿಯು ಬದುವಿನ ಮೇಲೆ ಕುಳಿತು ದಿನಚರಿಯ ನಾಲ್ಕು ಸಾಲುಗಳನ್ನು ಬರೆಯತೊಡಗಿದ್ದನು.